ಸಂಸ್ಕಾರ ಕೆಂಗೇರಿಯಲ್ಲಿ, ಸ್ಮಾರಕ ಹಾಲಾಳಿನಲ್ಲಿ: ವಿಷ್ಣು ಸಮಾಧಿಯ ಗಂಟು ಬಿದ್ದದ್ದೆಲ್ಲಿ?

2025ರ ಆಗಸ್ಟ್ 8ರ ನಸುಕಿನಲ್ಲಿ ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೋದೊಳಗಿದ್ದ ಡಾ. ವಿಷ್ಣುವರ್ಧನ್ ಸಮಾಧಿ ನೆಲಸಮವಾಯಿತು. ಬೆಂಗಳೂರಿನಲ್ಲಿ ಅಭಿಮಾನಿಗಳು ಬೀದಿಗಿಳಿದರು, ಚಿತ್ರರಂಗದವರು ಒಬ್ಬರಾದ ಮೇಲೊಬ್ಬರು ಬೇಸರ ತೋಡಿಕೊಂಡರು. ಮೈಸೂರಿನವರ ಗೊಂದಲ ಮಾತ್ರ ಬೇರೆಯದು. ಎಚ್.ಡಿ. ಕೋಟೆ ರಸ್ತೆಯ ಉದ್ಬೂರು ಗೇಟ್ ದಾಟಿ ಹಾಲಾಳಿನಲ್ಲಿ ಸರ್ಕಾರವೇ ಕಟ್ಟಿಸಿದ ವಿಷ್ಣು ಸ್ಮಾರಕ ಇದೆ, ಅದರ ಉದ್ಘಾಟನೆಯೂ ಆಗಿದೆ. ಹಾಗಾದರೆ ಕೆಂಗೇರಿಯಲ್ಲಿ ಒಡೆದದ್ದು ಯಾವುದು? ಮೈಸೂರಿಗೆ ಬಂದದ್ದು ಯಾವುದು? ಕುಟುಂಬ ಸಮಾಧಿಯನ್ನು ಸ್ಥಳಾಂತರ ಮಾಡಿತೇ, ಇಲ್ಲವೇ? ಮಾಡಿದ್ದರೆ ಗಲಾಟೆ ಯಾಕೆ, ಮಾಡದಿದ್ದರೆ ಸ್ಮಾರಕ ಇಲ್ಲಿ ಯಾಕೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟವರು ಸಾಮಾನ್ಯವಾಗಿ ಇಬ್ಬರಲ್ಲೊಬ್ಬರನ್ನು ದೂರುತ್ತಾರೆ. ಕುಟುಂಬ ಪಟ್ಟು ಹಿಡಿಯಲಿಲ್ಲ ಅನ್ನುವವರು ಕೆಲವರು, ಸರ್ಕಾರ ಕೈಬಿಟ್ಟಿತು ಅನ್ನುವವರು ಹಲವರು. ಎರಡರಲ್ಲೂ ಒಂದಿಷ್ಟು ಹುರುಳಿದೆ. ಆದರೆ ಪ್ರಕರಣದ ಮೂಲ ಇರುವುದು ಇಬ್ಬರ ಹತ್ತಿರವೂ ಅಲ್ಲ, ಜಮೀನಿನ ಕಾಗದದಲ್ಲಿ.

ಅಲ್ಲಿ ಇದ್ದದ್ದೇನು

ವಿಷ್ಣುವರ್ಧನ್ ಹುಟ್ಟಿದ್ದು 1950ರ ಸೆಪ್ಟೆಂಬರ್ 18ರಂದು, ಮೈಸೂರಿನಲ್ಲಿ. ತೀರಿಕೊಂಡದ್ದೂ ಮೈಸೂರಿನಲ್ಲೇ, 2009ರ ಡಿಸೆಂಬರ್ 30ರಂದು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ಒಯ್ದರು. ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಜನ ಕೊನೆಯ ದರ್ಶನ ಪಡೆದರು. ಆಮೇಲೆ ಅಭಿಮಾನ್ ಸ್ಟುಡಿಯೋದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು.

ಇಲ್ಲಿ ಗಮನಿಸಬೇಕಾದದ್ದು, ಅದು ದಹನ. ಮಣ್ಣು ಮಾಡಿದ್ದಲ್ಲ. ಕಂಠೀರವ ಸ್ಟುಡಿಯೋದಲ್ಲಿ ರಾಜ್‌ಕುಮಾರ್, ಪಾರ್ವತಮ್ಮ, ಪುನೀತ್ ಮೂವರನ್ನೂ ಹೂಳಲಾಗಿದೆ. ಅಲ್ಲಿ ಸಮಾಧಿ ಅಂದರೆ ಕೆಳಗೆ ದೇಹ ಇರುವ ಜಾಗ. ಅಭಿಮಾನ್ ಸ್ಟುಡಿಯೋದಲ್ಲಿ ಇದ್ದದ್ದು ಚಿತೆ ಉರಿದ ನೆಲ, ಅದರ ಮೇಲೆ ಕಟ್ಟಿದ ಪುಟ್ಟ ಕಟ್ಟಡ. ಅಭಿಮಾನಿಗಳು ಅದನ್ನು ಪುಣ್ಯಭೂಮಿ ಅಂತಲೇ ಕರೆಯುತ್ತ ಬಂದಿದ್ದಾರೆ. ಸೆಪ್ಟೆಂಬರ್ 18ಕ್ಕೆ, ಡಿಸೆಂಬರ್ 30ಕ್ಕೆ ಹೂವಿನ ಹಾರ ಹಿಡಿದು ಸಾವಿರಾರು ಜನ ಅಲ್ಲಿಗೆ ಹೋಗುತ್ತಿದ್ದರು.

ಇದು ಭಾವನೆಯ ದೃಷ್ಟಿಯಿಂದ ಸಣ್ಣ ವ್ಯತ್ಯಾಸ, ಕಾನೂನಿನ ದೃಷ್ಟಿಯಿಂದ ದೊಡ್ಡದು. ಹೂತ ದೇಹವನ್ನು ಕದಲಿಸಬೇಕಾದರೆ ಪೊಲೀಸು, ಮ್ಯಾಜಿಸ್ಟ್ರೇಟು, ಕೋರ್ಟು ಎಲ್ಲ ಬರುತ್ತವೆ. ದಹನವಾದ ಜಾಗದ ಮೇಲಿನ ಕಟ್ಟಡ ಕೆಡವುವುದನ್ನು ಕಂದಾಯ ಇಲಾಖೆಯಾಗಲಿ ಕೋರ್ಟಾಗಲಿ ಮೊದಲು ನೋಡುವುದು ಆಸ್ತಿ ವ್ಯಾಜ್ಯವಾಗಿ. ವಿಷ್ಣು ಸಮಾಧಿಯ ರಕ್ಷಣೆ ಇಷ್ಟು ದುರ್ಬಲವಾದದ್ದಕ್ಕೆ ಮೊದಲ ಕಾರಣ ಇದು.

ಬಾಲಣ್ಣನ 20 ಎಕರೆ

ಎರಡನೆಯ ಕಾರಣ ಆ ನೆಲದ ಚರಿತ್ರೆ. ಹಾಸ್ಯನಟ, ಖಳನಟ, ಪೋಷಕ ನಟ ಎಲ್ಲವೂ ಆಗಿದ್ದ ಟಿ.ಎನ್. ಬಾಲಕೃಷ್ಣ ಕನ್ನಡಕ್ಕೊಂದು ಸ್ವಂತ ಸ್ಟುಡಿಯೋ ಬೇಕು ಎಂದು ಹಟ ಹಿಡಿದವರು. ಚಿತ್ರೀಕರಣಕ್ಕೆ ಮದ್ರಾಸಿಗೆ ಹೋಗಬೇಕಾಗಿದ್ದ ಕಾಲ ಅದು. 1960ರ ದಶಕದಲ್ಲಿ ಸರ್ಕಾರ ಕೆಂಗೇರಿ ಹೋಬಳಿಯ ಮೈಲಸಂದ್ರದಲ್ಲಿ ಅವರಿಗೆ 20 ಎಕರೆ ಮಂಜೂರು ಮಾಡಿತು. ಮಂಜೂರಾತಿಯ ಉದ್ದೇಶ ಒಂದೇ: ಸ್ಟುಡಿಯೋ ಕಟ್ಟುವುದು.

ಹೀಗೆ ಅಭಿಮಾನ್ ಸ್ಟುಡಿಯೋ ಎದ್ದಿತು, ಆದರೆ ಬಾಲಣ್ಣನನ್ನು ಸಾಲಕ್ಕೆ ನೂಕಿತು. 1995ರಲ್ಲಿ ಅವರು ತೀರಿಕೊಂಡ ಮೇಲೆ ಜಾಗ ವಾರಸುದಾರರ ಕೈಗೆ ಬಂತು. ಅರ್ಧದಷ್ಟು, ಅಂದರೆ 10 ಎಕರೆ ಮಾರಿ ಬಂದ ಹಣದಲ್ಲಿ ಸ್ಟುಡಿಯೋ ಸುಧಾರಿಸಿಕೊಳ್ಳಲು ಸರ್ಕಾರ ಅವರಿಗೆ ಅನುಮತಿಯನ್ನೂ ಕೊಟ್ಟಿತ್ತು. ಅಷ್ಟರಲ್ಲಿ ಕೆಂಗೇರಿ ಊರಾಚೆಯ ಹೋಬಳಿಯಾಗಿ ಉಳಿದಿರಲಿಲ್ಲ. ಮೈಸೂರು ರಸ್ತೆಯ ಆಜುಬಾಜು ಬಡಾವಣೆಗಳೆದ್ದವು, ಮುಂದೆ ಮೆಟ್ರೋವೂ ಬಂತು. ಎಕರೆಯ ಲೆಕ್ಕದಲ್ಲಿ ಕೊಟ್ಟ ನೆಲಕ್ಕೆ ಚದರಡಿಯ ಲೆಕ್ಕದಲ್ಲಿ ಬೆಲೆ ಕಟ್ಟುವ ಕಾಲ ಬಂತು.

2009ರ ಕೊನೆಯಲ್ಲಿ ವಿಷ್ಣುವರ್ಧನ್ ಅಂತ್ಯಸಂಸ್ಕಾರಕ್ಕೆ ಜಾಗ ಗೊತ್ತುಮಾಡಬೇಕಾದವರಿಗೆ ಇದ್ದ ಅವಕಾಶ ಕೆಲವೇ ಗಂಟೆ. ರಾಜ್‌ಕುಮಾರ್ ಅವರದ್ದು ಸ್ಟುಡಿಯೋದಲ್ಲಿ ಆಗಿತ್ತು, ಇವರದ್ದೂ ಸ್ಟುಡಿಯೋದಲ್ಲೇ ಆಗಲಿ ಎಂಬ ಮಾತು ಆ ದುಃಖದ ನಡುವೆ ಸಹಜವಾಗಿಯೇ ಕಂಡಿರಬೇಕು. ಆ ಗಂಟೆಗಳಲ್ಲಿ ಆಗಬೇಕಾಗಿದ್ದ ಒಂದು ಕೆಲಸ ಮಾತ್ರ ಆಗಲಿಲ್ಲ. ಸಂಸ್ಕಾರ ಆಗುವ ಜಾಗವನ್ನು, ನಾಲ್ಕು ಗುಂಟೆಯೇ ಆಗಲಿ, ಅಳತೆ ಮಾಡಿ ಪೋಡಿ ಮಾಡಿಸಿ, ಅಂದರೆ ದಾಖಲೆಯಲ್ಲಿ ಬೇರೆ ತುಂಡಾಗಿ ವಿಂಗಡಿಸಿ, ಸರ್ಕಾರದ ಹೆಸರಿಗೋ ಒಂದು ಟ್ರಸ್ಟಿನ ಹೆಸರಿಗೋ ಬರೆಸಿಕೊಳ್ಳಬೇಕಿತ್ತು. ಚಿತೆ ಆರಿದ ಮರುವಾರವಾದರೂ ಆಗಬಹುದಿತ್ತು. ಆಗ ಇಡೀ ರಾಜ್ಯದ ಸಹಾನುಭೂತಿ ಇತ್ತು, ಜಾಗದವರು ಇಲ್ಲ ಅನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಬದಲಿಗೆ ಸ್ಮಾರಕದ ಘೋಷಣೆಗಳು ಬಂದವು. ಘೋಷಣೆಯಿಂದ ಖಾತೆ ಬದಲಾಗುವುದಿಲ್ಲ.

ಅಲ್ಲಿಂದಾಚೆಗೆ ನಡೆದದ್ದು ಆಸ್ತಿ ವ್ಯಾಜ್ಯದ ಮಾಮೂಲಿ ದಾರಿ. ವಾರಸುದಾರರು ಜಾಗ ಬಿಟ್ಟುಕೊಡಲು ಒಪ್ಪಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದ್ದಾಯಿತು, ವರ್ಷಗಳು ಹೋದವು. ಅಲ್ಲೇ ಸ್ಮಾರಕಕ್ಕೆ ಜಾಗ ಕೊಡಿಸಿ ಎಂದು ಅಭಿಮಾನಿಗಳು ಹಾಕಿದ ಅರ್ಜಿಯೂ ಹೈಕೋರ್ಟಿನಲ್ಲಿ ವಜಾ ಆಯಿತು. ಅರ್ಜಿ ವಜಾ ಆಗುವುದು ಬೇರೆ, ಕಟ್ಟಡ ಕೆಡವಿ ಎಂದು ಕೋರ್ಟ್ ಹೇಳುವುದು ಬೇರೆ. ಸಾಮಾಜಿಕ ಜಾಲತಾಣದ ಜಗಳದಲ್ಲಿ ಇವೆರಡೂ ಬೆರೆತುಹೋದವು. ಆದರೆ ಫಲಿತಾಂಶದ ಮಟ್ಟಿಗೆ ಹೇಳುವುದಾದರೆ, ಅರ್ಜಿ ಹಾಕಿದವರಿಗೆ ಆ ನೆಲದಲ್ಲಿ ಹಕ್ಕಿಲ್ಲ ಎಂದಾದ ಮೇಲೆ ಕಟ್ಟಡವನ್ನು ಕಾಯಲು ಉಳಿದದ್ದು ಜಾಗದವರ ಮರ್ಜಿ ಮಾತ್ರ.

ಕಂಠೀರವ ಯಾಕೆ ಅಲುಗಾಡುವುದಿಲ್ಲ

ಹೋಲಿಸಿ ನೋಡಿ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ಮರುದಿನ ಕಂಠೀರವ ಸ್ಟುಡಿಯೋದಲ್ಲಿ ಸಮಾಧಿ. 2017ರಲ್ಲಿ ಪಾರ್ವತಮ್ಮ, 2021ರ ಅಕ್ಟೋಬರ್ 31ರಂದು ಪುನೀತ್ ಅದೇ ಆವರಣ ಸೇರಿದರು. 2018ರ ನವೆಂಬರ್‌ನಲ್ಲಿ ಅಂಬರೀಶ್ ಅಂತ್ಯಸಂಸ್ಕಾರವೂ ಅಲ್ಲೇ. ಇಷ್ಟು ವರ್ಷದಲ್ಲಿ ಆ ಜಾಗ ಯಾರದು ಎಂಬ ಪ್ರಶ್ನೆ ಒಮ್ಮೆಯೂ ಎದ್ದಿಲ್ಲ.

ಯಾಕೆಂದರೆ ಕಂಠೀರವ ಸ್ಟುಡಿಯೋ ಸರ್ಕಾರದ ಸಂಸ್ಥೆ. ಜಾಗ ಕೊಡುವವನೂ ಸರ್ಕಾರ, ಸ್ಮಾರಕ ಕಟ್ಟುವವನೂ ಸರ್ಕಾರ, ಕಾಯುವವನೂ ಸರ್ಕಾರ. ಅಂಬರೀಶ್ ಸ್ಮಾರಕ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಅಂದರೆ ತೀರಿಕೊಂಡು ಐದು ವರ್ಷ ತುಂಬುವುದರೊಳಗೆ. ವಿಷ್ಣುವರ್ಧನ್ ಸ್ಮಾರಕಕ್ಕೆ ಹಿಡಿದದ್ದು ಹದಿಮೂರು ವರ್ಷ, ಅದೂ ಬೇರೆ ಊರಿನಲ್ಲಿ. ಒಬ್ಬರ ಅಭಿಮಾನಿಗಳಿಗೆ ಬಲ ಹೆಚ್ಚು, ಇನ್ನೊಬ್ಬರ ಅಭಿಮಾನಿಗಳಿಗೆ ಕಡಿಮೆ ಎಂದು ಇದನ್ನು ವ್ಯಾಖ್ಯಾನಿಸುವವರಿದ್ದಾರೆ, ಜಾತಿಯ ಲೆಕ್ಕ ಹಾಕುವವರೂ ಇದ್ದಾರೆ. ಅಷ್ಟು ದೂರ ಹೋಗುವ ಮೊದಲು ಎರಡೂ ಜಾಗದ ಪಹಣಿ ತೆಗೆಸಿ, ಮಾಲೀಕರ ಹೆಸರಿರುವ 9ನೇ ಕಲಂ ನೋಡಿದರೆ ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲೇ ಸಿಗುತ್ತದೆ.

ಮೈಸೂರನ್ನು ಆರಿಸಿದ್ದು ಯಾರು, ಯಾಕೆ

ಕೆಂಗೇರಿಯ ವ್ಯಾಜ್ಯ ಬಗೆಹರಿಯುವ ಲಕ್ಷಣ ಕಾಣದೆ ಹೋದಾಗ ಭಾರತಿ ವಿಷ್ಣುವರ್ಧನ್ ಮತ್ತು ಅಳಿಯ ಅನಿರುದ್ಧ ಜತಕರ ಮೈಸೂರಿನ ಕಡೆ ಮುಖ ಮಾಡಿದರು. ಸರ್ಕಾರ ಹಾಲಾಳು ಗ್ರಾಮದಲ್ಲಿ 5 ಎಕರೆ ಕೊಟ್ಟಿತು. ಆ ಜಾಗಕ್ಕೂ ಉಳುಮೆ ಮಾಡುತ್ತಿದ್ದ ರೈತರ ತಕರಾರು ಬಂತು, ಅದೂ ಕೋರ್ಟಿಗೆ ಹೋಗಿ ಬಂತು. 2020ರ ಸೆಪ್ಟೆಂಬರ್ 15ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಆನ್‌ಲೈನ್ ಮೂಲಕ ಶಂಕುಸ್ಥಾಪನೆ ಮಾಡಿದರು. 2023ರ ಜನವರಿ 29ರಂದು ಬಸವರಾಜ ಬೊಮ್ಮಾಯಿ ಉದ್ಘಾಟಿಸಿದರು. ಸುಮಾರು 11 ಕೋಟಿ ರೂಪಾಯಿ ಖರ್ಚಿನ ಕಟ್ಟಡ. ಪುತ್ಥಳಿ, ಫೋಟೋ ಗ್ಯಾಲರಿ, ಸಭಾಂಗಣ ಇವೆ.

ಕುಟುಂಬದ ವಾದ ಸರಳ. ಹುಟ್ಟಿದ ಊರು, ಕೊನೆಯುಸಿರೆಳೆದ ಊರು ಎರಡೂ ಮೈಸೂರೇ. ವ್ಯಾಜ್ಯವಿರುವ ಜಾಗದಲ್ಲಿ ಕಟ್ಟಿದ ಕಟ್ಟಡಕ್ಕೆ ಭರವಸೆ ಇಲ್ಲ. ಗಂಡನ ಹೆಸರಿನ ಮೇಲೆ ಕೋರ್ಟು ಕಚೇರಿ ಅಲೆಯುವುದಕ್ಕಿಂತ ತಕರಾರಿಲ್ಲದ ಕಡೆ ಗೌರವದಿಂದ ಒಂದು ಸ್ಮಾರಕ ಆಗಲಿ ಎಂಬುದು ಅವರ ಲೆಕ್ಕ. 2025ರ ಆಗಸ್ಟ್‌ನಲ್ಲಿ ನಡೆದದ್ದನ್ನು ನೋಡಿದರೆ ಈ ಲೆಕ್ಕ ತಪ್ಪಿತ್ತು ಎನ್ನಲು ಬರುವುದಿಲ್ಲ.

ಅಭಿಮಾನಿಗಳ ವಾದವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಪುತ್ಥಳಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಸಂಸ್ಕಾರವಾದ ನೆಲ ಒಂದೇ. ಸ್ಮಾರಕ ಮೈಸೂರಿನಲ್ಲಿ ಇರಲಿ, ಬೇಡವೆಂದವರು ಯಾರು? ಕೆಂಗೇರಿಯ ನೆಲವನ್ನೂ ಉಳಿಸಿಕೊಡಿ ಎಂಬುದು ಅವರ ಬೇಡಿಕೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಅವರು ಕೇಳುತ್ತ ಬಂದಿದ್ದಾರೆ: ಇಷ್ಟು ದೊಡ್ಡ ನಟ ಕುಟುಂಬದ ಸ್ವತ್ತು ಮಾತ್ರವೇ? ಅವರಿಗಾಗಿ ಬೀದಿಯಲ್ಲಿ ಅತ್ತವರಿಗೆ ಮಾತಾಡುವ ಹಕ್ಕಿಲ್ಲವೇ?

ಕುಟುಂಬ ಮೈಸೂರನ್ನು ಒಪ್ಪಿಕೊಂಡದ್ದರಿಂದ ಕೆಂಗೇರಿಯ ಬೇಡಿಕೆ ಸಡಿಲವಾಯಿತು ಎಂಬುದು ನಿಜ. ಇದನ್ನು ಕುಟುಂಬದ ತಪ್ಪು ಅನ್ನಬೇಕಾಗಿಲ್ಲ. ಸರ್ಕಾರ ಒಂದೇ ಉದ್ದೇಶಕ್ಕೆ ಎರಡು ಕಡೆ ಜಾಗ, ಹಣ ಕೊಡಲು ಹಿಂದೆಮುಂದೆ ನೋಡುತ್ತದೆ. ಹಾಲಾಳಿಗೆ ಹಣ ಬಿಡುಗಡೆಯಾದ ಮೇಲೆ ಮೈಲಸಂದ್ರದ ಫೈಲಿಗೆ ಅವಸರ ಉಳಿಯಲಿಲ್ಲ. ಕೋರ್ಟಿನಲ್ಲೂ ಸ್ಮಾರಕ ಈಗಾಗಲೇ ಇದೆ ಎಂಬ ಮಾತಿಗೆ ಅಭಿಮಾನಿಗಳ ಬಳಿ ಗಟ್ಟಿ ಉತ್ತರ ಇರುವುದು ಕಷ್ಟ.

ಮಂಡ್ಯ ಕಂಡ ಎರಡು ಪ್ರಸಂಗ

ಸತ್ತವರು ಯಾರಿಗೆ ಸೇರಿದವರು ಎಂಬ ಜಗ್ಗಾಟ ಮಂಡ್ಯಕ್ಕೆ ಹೊಸದಲ್ಲ. ಅಂಬರೀಶ್ 2018ರ ನವೆಂಬರ್ 24ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಮಂಡ್ಯದ ಜನ ಪಟ್ಟು ಹಿಡಿದರು: ನಮ್ಮ ಅಣ್ಣನ ಮುಖ ನಮಗೆ ತೋರಿಸಿ. ಬೆಂಗಳೂರಿನಲ್ಲೇ ಎಲ್ಲ ಮುಗಿಸುವ ಯೋಚನೆ ಬದಲಾಯಿತು. ಹೆಲಿಕಾಪ್ಟರ್‌ನಲ್ಲಿ ಪಾರ್ಥಿವ ಶರೀರ ಬಂತು, ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ರಾತ್ರಿಯಿಡೀ ಸರತಿ ಸಾಲು. ಮರುದಿನ ಹೊರಡುವ ಮುನ್ನ ಸುಮಲತಾ ಮಂಡ್ಯದ ಮಣ್ಣನ್ನು ಗಂಡನ ಹಣೆಗೆ ಹಚ್ಚಿದರು. ಆ ದೃಶ್ಯ ಟಿವಿಯಲ್ಲಿ ನೋಡಿದವರಿಗೆ ಮರೆಯುವಂಥದ್ದಲ್ಲ. ಅಲ್ಲಿ ನಡೆದದ್ದು ರಾಜಿಯೇ, ಆದರೆ ಎಲ್ಲರೂ ಒಪ್ಪುವ ರಾಜಿ. ದರ್ಶನ ಹುಟ್ಟಿದ ಜಿಲ್ಲೆಗೆ, ಸಂಸ್ಕಾರ ಸರ್ಕಾರದ ಜಾಗದಲ್ಲಿ, ತೀರ್ಮಾನ ಕುಟುಂಬದ ಸಮ್ಮತಿಯಿಂದ. ಸಮಾಧಿಯೂ ಮಂಡ್ಯದಲ್ಲೇ ಆಗಬೇಕು ಎಂಬ ಕೂಗು ಕಾವೇರದಿರಲು ಆ ಒಂದು ರಾತ್ರಿ ಕಾರಣ ಎನ್ನಬಹುದು.

ಎರಡನೆಯದು ಜಯಲಲಿತಾ ಅವರದ್ದು. ಹುಟ್ಟಿದ್ದು ಮೇಲುಕೋಟೆಯಲ್ಲಿ, 1948ರಲ್ಲಿ. 2016ರ ಡಿಸೆಂಬರ್ 5ರಂದು ಚೆನ್ನೈನಲ್ಲಿ ತೀರಿಕೊಂಡರು. ಮರುದಿನ ಮರೀನಾ ಕಡಲತೀರದಲ್ಲಿ ಎಂಜಿಆರ್ ಸಮಾಧಿಯ ಪಕ್ಕ ಅವರನ್ನು ಹೂಳಲಾಯಿತು. ಅಯ್ಯಂಗಾರ್ ಸಂಪ್ರದಾಯದಲ್ಲಿ ದಹನ ಮಾಡಬೇಕು, ಹೂಳಿದ್ದರಿಂದ ಸದ್ಗತಿ ಸಿಗುವುದಿಲ್ಲ ಎಂಬುದು ಈ ಕಡೆಯ ಕೆಲವು ಬಂಧುಗಳ ನಂಬಿಕೆ. ಅವರು ದೇಹ ಹೊರತೆಗೆಯಿರಿ ಎಂದು ಮರೀನಾಕ್ಕೆ ಹೋಗಲಿಲ್ಲ. ಅದೇ ತಿಂಗಳು ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ ಪ್ರತಿಕೃತಿಯೊಂದನ್ನಿಟ್ಟು ಶಾಸ್ತ್ರೋಕ್ತವಾಗಿ ದಹನ ಮಾಡಿ, ಕರ್ಮಾಂತರ ಮುಗಿಸಿದರು.

ಇದನ್ನು ಆಗ ನಕ್ಕು ಬಿಟ್ಟವರೇ ಹೆಚ್ಚು. ಆದರೆ ಯೋಚಿಸಿದರೆ ಅದರಲ್ಲೊಂದು ಜಾಣತನವಿದೆ. ದ್ರಾವಿಡ ಚಳವಳಿಯ ನಾಯಕರನ್ನು ಮರೀನಾದಲ್ಲಿ ಹೂಳುವುದು ತಮಿಳುನಾಡಿನ ರಾಜಕೀಯ ಸಂಪ್ರದಾಯ. ಅಲ್ಲಿ ಸಮಾಧಿ ಎಂದರೆ ಪಕ್ಷದ ಆಸ್ತಿ. 2018ರಲ್ಲಿ ಕರುಣಾನಿಧಿಗೆ ಅದೇ ತೀರದಲ್ಲಿ ಜಾಗ ಕೇಳಿದಾಗ ಸರ್ಕಾರ ನಿರಾಕರಿಸಿ, ಮದ್ರಾಸ್ ಹೈಕೋರ್ಟ್ ರಾತ್ರೋರಾತ್ರಿ ವಿಚಾರಣೆ ನಡೆಸಿ ಮರುದಿನ ಬೆಳಿಗ್ಗೆ ಅನುಮತಿ ಕೊಡಬೇಕಾಯಿತು. ಅಂಥ ಕಡೆ ಬಂಧುಗಳ ಮಾತು ನಡೆಯುವುದಿಲ್ಲ. ಶ್ರೀರಂಗಪಟ್ಟಣದವರು ದೇಹವನ್ನು ರಾಜಕೀಯಕ್ಕೆ ಬಿಟ್ಟು ಸಂಸ್ಕಾರವನ್ನು ತಾವು ಇಟ್ಟುಕೊಂಡರು. ಎರಡನ್ನೂ ಬೇರ್ಪಡಿಸಬಹುದು ಎಂಬುದು ಅವರಿಗೆ ಗೊತ್ತಿತ್ತು.

ಹೂತದ್ದನ್ನು ತೆಗೆಯಬಹುದೇ

ಈಗ ಕಾನೂನಿನ ಮಾತು. ಶವ ಆಸ್ತಿಯಲ್ಲ, ಹಾಗಾಗಿ ಅದನ್ನು ಉಯಿಲಿನಲ್ಲಿ ಜಮೀನು ಬರೆದಂತೆ ಬರೆಯಲು ಬರುವುದಿಲ್ಲ. ಇಲ್ಲೇ ಮಣ್ಣು ಮಾಡಿ ಎಂದು ಬರೆದಿಟ್ಟರೆ ಅದಕ್ಕೆ ಬೆಲೆ ಇದೆ, ಆದರೆ ನಡೆಸಿಕೊಡುವುದು ಹತ್ತಿರದ ಬಂಧುಗಳ ಕೈಯಲ್ಲಿ. ಸತ್ತವರಿಗೂ ಘನತೆಯ ಹಕ್ಕಿದೆ, ಸಂವಿಧಾನದ 21ನೇ ವಿಧಿ ಅಲ್ಲಿಯವರೆಗೂ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಘನತೆಯ ಸಂಸ್ಕಾರದ ಹಕ್ಕು ಎಂದರೆ ಬೇಕಾದ ಜಾಗದಲ್ಲೇ ಸಂಸ್ಕಾರದ ಹಕ್ಕು ಎಂದಲ್ಲ. 2025ರ ಜನವರಿಯಲ್ಲಿ ಛತ್ತೀಸಗಢದ ಒಂದು ಪ್ರಕರಣದಲ್ಲಿ ಇದೇ ಚರ್ಚೆಗೆ ಬಂತು. ಹಳ್ಳಿಯ ತಮ್ಮ ಸ್ವಂತ ಜಮೀನಿನಲ್ಲಿ ತಂದೆಯನ್ನು ಹೂಳಲು ಮಗ ಅನುಮತಿ ಕೇಳಿದ್ದ. ಇಬ್ಬರು ನ್ಯಾಯಮೂರ್ತಿಗಳಲ್ಲಿ ಬಿ.ವಿ. ನಾಗರತ್ನ ಆಗಲಿ ಎಂದರು, ಇನ್ನೊಬ್ಬರು ಒಪ್ಪಲಿಲ್ಲ. ದೇಹ ಆಗಲೇ ವಾರಗಟ್ಟಲೆ ಶವಾಗಾರದಲ್ಲಿತ್ತು. ಕೊನೆಗೆ ದೂರದ ನಿಗದಿತ ಸ್ಮಶಾನದಲ್ಲಿ ಮಣ್ಣು ಮಾಡಿ ಎಂದು ಇಬ್ಬರೂ ಸೇರಿ ಆದೇಶಿಸಿದರು.

ಒಮ್ಮೆ ಹೂತ ಮೇಲೆ ಹೊರತೆಗೆಯುವುದು ಇನ್ನೂ ಕಷ್ಟ. ಸಾವಿನ ತನಿಖೆಗೆ ಬೇಕಾದರೆ ಮ್ಯಾಜಿಸ್ಟ್ರೇಟ್ ಆದೇಶದಿಂದ ತೆಗೆಯಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಆರ್‌ಪಿಸಿ) ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದಕ್ಕೆ ಕಲಂ ಇದೆ. ಕುಟುಂಬದ ಇಷ್ಟಕ್ಕಾಗಿ ಬೇರೆ ಊರಿಗೆ ಒಯ್ಯಲು ಪ್ರತ್ಯೇಕ ಕಾಯ್ದೆ ಇಲ್ಲ. ಕಾಶ್ಮೀರದ ಹೈದರ್‌ಪೋರಾ ಎನ್‌ಕೌಂಟರ್ ಪ್ರಕರಣದಲ್ಲಿ ಮಗನ ದೇಹ ಹೊರತೆಗೆದು ಊರಿನಲ್ಲಿ ಹೂಳಲು ತಂದೆ ಕೇಳಿದಾಗ, 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಮ್ಮೆ ಮಣ್ಣಾದ ದೇಹ ಕಾನೂನಿನ ಸುಪರ್ದಿಗೆ ಬರುತ್ತದೆ, ಬಲವಾದ ಕಾರಣವಿಲ್ಲದೆ ಕದಲಿಸಬಾರದು ಎಂದಿತು. ಈ ಬಗ್ಗೆ ಶಾಸನ ಮಾಡುವುದನ್ನು ಪರಿಶೀಲಿಸಿ ಎಂದು ಕೇಂದ್ರಕ್ಕೂ ಹೇಳಿತು.

ರಾಜರ ಕಾಲದಲ್ಲಿ ಇದು ಇಷ್ಟು ತೊಡಕಿನದಾಗಿರಲಿಲ್ಲ. ಹೈದರಾಲಿ 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರದ ದಂಡಿನ ಬೀಡಿನಲ್ಲಿ ತೀರಿಕೊಂಡ. ದೇಹವನ್ನು ಮೊದಲು ಕೋಲಾರದಲ್ಲಿ ಅವನ ತಂದೆಯ ಗೋರಿಯ ಹತ್ತಿರ ಇರಿಸಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದರು. ಟಿಪ್ಪು ಕಟ್ಟಿಸಿದ ಗುಂಬಜ್‌ನಲ್ಲಿ ಇಂದು ಕಾಣುವ ಗೋರಿ ಹೀಗೆ ಸ್ಥಳಾಂತರಗೊಂಡು ಬಂದವನದ್ದು. ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತದಲ್ಲಿ ತೀರಿಕೊಂಡಾಗ ಮಾತ್ರ ಸಂಸ್ಕಾರ ಅಲ್ಲೇ ಆಯಿತು. ಮೈಸೂರಿನ ಮಹಾರಾಜನ ನೆನಪಿನ ಗುಡಿ ಕಲ್ಕತ್ತದ ಕಿಯೋರಾತಲಾ ಘಾಟಿನ ಪಕ್ಕದಲ್ಲಿರುವುದು ಆ ಕಾರಣಕ್ಕೆ.

ದಹನವಾದವರ ವಿಷಯದಲ್ಲಿ ಸ್ಥಳಾಂತರ ಎಂಬ ಪ್ರಶ್ನೆಯೇ ಬೇರೆ ರೂಪ ತಾಳುತ್ತದೆ. ಮೂರನೆಯ ದಿನವೋ ಐದನೆಯ ದಿನವೋ ಹಾಲುತುಪ್ಪ ಬಿಟ್ಟು, ಅಸ್ಥಿ ಆರಿಸಿ ಕುಡಿಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹೊಳೆಗೆ ಒಯ್ಯುವುದು ನಮ್ಮ ಕಡೆಯ ಪದ್ಧತಿ. ಆ ಅಸ್ಥಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಯಾರ ಅನುಮತಿಯೂ ಬೇಡ, ಹಲವು ಪಾಲು ಮಾಡಲೂಬಹುದು. ಗಾಂಧೀಜಿಯ ಚಿತಾಭಸ್ಮ 1948ರಲ್ಲಿ ದೇಶದ ಎಷ್ಟೋ ನದಿಗಳನ್ನು ಸೇರಿದಾಗ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೂ ಒಂದು ಪಾಲು ಬಂದಿತ್ತು. ಅದರ ನೆನಪಿಗೆ ಅಲ್ಲಿ ಫೆಬ್ರುವರಿ 12ಕ್ಕೆ ಸರ್ವೋದಯ ಮೇಳ ನಡೆಯುತ್ತದೆ. ರಾಜಘಾಟ್ ನಿಜ, ಪಶ್ಚಿಮವಾಹಿನಿ ಸುಳ್ಳು ಎಂದು ಯಾರೂ ವಾದಿಸುವುದಿಲ್ಲ. ಕೆಂಗೇರಿಯೋ ಹಾಲಾಳೋ ಎಂಬ ಜಗಳದಲ್ಲಿ ಈ ಉದಾಹರಣೆ ಯಾರ ಬಾಯಲ್ಲೂ ಬರದಿರುವುದು ಸೋಜಿಗ.

ಸಮಾಧಿ ಒಡೆದದ್ದು ಅಪರಾಧವಲ್ಲವೇ ಎಂದು ಕೇಳುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಇಂಥದ್ದಕ್ಕೇ ಇದೆ: ಸ್ಮಶಾನ, ಅಂತ್ಯಕ್ರಿಯೆಗೆಂದು ಮೀಸಲಾದ ಜಾಗ, ಅವಶೇಷ ಇರಿಸಿದ ಜಾಗಗಳಿಗೆ ಅತಿಕ್ರಮವಾಗಿ ನುಗ್ಗಿ ಭಾವನೆಗೆ ಘಾಸಿ ಮಾಡುವುದು ಅಪರಾಧ. ಆದರೆ ಇದಕ್ಕೆ ಎರಡು ವಿಷಯ ಸಾಬೀತಾಗಬೇಕು. ಘಾಸಿ ಮಾಡುವ ಉದ್ದೇಶವೋ ಘಾಸಿಯಾದೀತು ಎಂಬ ಅರಿವೋ ಇತ್ತು ಎಂಬುದು ಒಂದು, ಅತಿಕ್ರಮ ಪ್ರವೇಶ ಆಯಿತು ಎಂಬುದು ಇನ್ನೊಂದು. ಸ್ವಂತ ಸ್ವಾಧೀನದಲ್ಲಿರುವ ಜಾಗಕ್ಕೆ ಅತಿಕ್ರಮ ಪ್ರವೇಶ ಎಂದರೇನು? ಕೇಸು ಎಡವುವುದು ಅಲ್ಲೇ. ಇಷ್ಟು ಹೇಳಿದ ಮೇಲೂ, ಹಗಲು ಹೊತ್ತಿನಲ್ಲಿ ನೋಟಿಸು ಕೊಟ್ಟು ಮಾಡಬಹುದಾಗಿದ್ದ ಕೆಲಸವನ್ನು ಕತ್ತಲಲ್ಲಿ ಮುಗಿಸಿದ ರೀತಿ ಒಪ್ಪುವಂಥದ್ದಲ್ಲ. ಕಾನೂನು ಬಿಟ್ಟರೂ ಮರ್ಯಾದೆ ಅಂತ ಒಂದಿದೆ.

ಅರಣ್ಯವಾದರೆ ಆಗುವುದೇನು

ನೆಲಸಮದ ನಂತರ ಕಥೆಗೆ ಹೊಸ ತಿರುವು ಸಿಕ್ಕಿತು. ಮೈಲಸಂದ್ರದ ಆ ಜಾಗ ಮೂಲತಃ ಅರಣ್ಯ ಭೂಮಿ, ಮಂಜೂರಾತಿಯ ಷರತ್ತು ಮುರಿಯಲಾಗಿದೆ, ಹಾಗಾಗಿ ವಾಪಸು ಪಡೆಯಬೇಕು ಎಂದು ಅರಣ್ಯ ಇಲಾಖೆ ಮುಂದೆ ಬಂತು. ಅಭಿಮಾನಿಗಳಲ್ಲಿ ಹಲವರು ಇದನ್ನು ಗೆಲುವು ಎಂದು ಸ್ವಾಗತಿಸಿದರು. ಜಾಗ ಸರ್ಕಾರಕ್ಕೆ ಬಂದರೆ ಸ್ಮಾರಕ ಕಟ್ಟಬಹುದಲ್ಲ ಎಂಬುದು ಅವರ ಆಸೆ.

ಇಲ್ಲಿ ಸ್ವಲ್ಪ ತಡೆಯಬೇಕು. ಷರತ್ತು ಮುರಿದ ಕಾರಣಕ್ಕೆ ಕಂದಾಯ ಭೂಮಿಯಾಗಿ ವಾಪಸು ಬರುವುದು ಒಂದು ದಾರಿ. ಅರಣ್ಯವಾಗಿ ವಾಪಸು ಬರುವುದು ಇನ್ನೊಂದು. ಮೊದಲನೆಯದಾದರೆ ರಾಜ್ಯ ಸರ್ಕಾರ ತನ್ನ ಮಟ್ಟದಲ್ಲೇ ನಾಲ್ಕು ಗುಂಟೆ ತೆಗೆದಿಡಬಹುದು. ಎರಡನೆಯದಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. ನಟನ ಸ್ಮಾರಕಕ್ಕೆ ಆ ಅನುಮತಿ ಸುಲಭವಲ್ಲ. ಅಂದರೆ ಅಭಿಮಾನಿಗಳು ಚಪ್ಪಾಳೆ ತಟ್ಟಿದ ವಾದವೇ ಅವರ ಬೇಡಿಕೆಗೆ ಶಾಶ್ವತ ಬೀಗ ಹಾಕಬಹುದು. ಹೆಚ್ಚೆಂದರೆ ಸಂಸ್ಕಾರವಾದ ಜಾಗದಲ್ಲಿ ಮರಗಳು ಬೆಳೆಯಬಹುದು, ಬಹುಮಹಡಿ ಕಟ್ಟಡ ಏಳುವುದಿಲ್ಲ. ಅದೂ ಕಡಿಮೆಯಲ್ಲ, ಆದರೆ ಕೇಳಿದ್ದು ಅದಲ್ಲ. ಇನ್ನು ವಾರಸುದಾರರು ಸುಮ್ಮನೆ ಬಿಟ್ಟುಕೊಡುವರು ಎಂದು ನಿರೀಕ್ಷಿಸಲಾಗದು. ದಶಕಗಳ ಹಿಂದಿನ ಮಂಜೂರಾತಿಯನ್ನು ಪ್ರಶ್ನಿಸುವ ಕೇಸು ಕೆಳಗಿನಿಂದ ಮೇಲಿನವರೆಗೆ ಹೋಗಿಬರಲು ಹಿಡಿಯುವ ಕಾಲ ಎಲ್ಲರಿಗೂ ಗೊತ್ತು.

ಅಭಿಮಾನಿಗಳು ಅಲ್ಲಿಯವರೆಗೆ ಕಾಯಲು ಸಿದ್ಧರಿರಲಿಲ್ಲ. ನಟ ಸುದೀಪ್ ಕೆಂಗೇರಿ ಬಳಿ ಅರ್ಧ ಎಕರೆ ಜಾಗ ಕೊಳ್ಳಲು ಮುಂದಾದರು. ಅಲ್ಲಿ ವಿಷ್ಣು ದರ್ಶನ ಕೇಂದ್ರ ಮಾಡುವ ಯೋಜನೆ ರೂಪುಗೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ, 75ನೇ ಹುಟ್ಟುಹಬ್ಬದ ಹೊತ್ತಿಗೆ ಸರ್ಕಾರ ವಿಷ್ಣುವರ್ಧನ್‌ಗೆ ಮರಣೋತ್ತರ ಕರ್ನಾಟಕ ರತ್ನ ಪ್ರಕಟಿಸಿತು. ಪ್ರಶಸ್ತಿ ಅರ್ಹವಾದದ್ದೇ, ಆದರೆ ಆಗಸ್ಟ್‌ನ ಸಿಟ್ಟಿಗೂ ಸೆಪ್ಟೆಂಬರ್‌ನ ಪ್ರಶಸ್ತಿಗೂ ಸಂಬಂಧವಿಲ್ಲ ಎಂದರೆ ಯಾರೂ ನಂಬಲಾರರು.

ಹೀಗೆ ಈಗ ವಿಷ್ಣುವರ್ಧನ್ ಹೆಸರಿಗೆ ಮೂರು ಜಾಗ. ಮೈಲಸಂದ್ರದಲ್ಲಿ ಚಿತೆ ಉರಿದ ನೆಲ, ಇದು ವ್ಯಾಜ್ಯದಲ್ಲಿದೆ. ಹಾಲಾಳಿನಲ್ಲಿ ಸರ್ಕಾರಿ ಸ್ಮಾರಕ, ಇದು ಭದ್ರ. ಕೆಂಗೇರಿ ಬಳಿ ಖಾಸಗಿ ಜಾಗ. ಇದು ಎಷ್ಟು ಭದ್ರ ಎಂಬುದು ಯಾರ ಹೆಸರಿಗೆ ನೋಂದಣಿ ಆಗುತ್ತದೆ, ಟ್ರಸ್ಟ್ ಡೀಡಿನಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಒಬ್ಬ ವ್ಯಕ್ತಿಯ ಹೆಸರಿಗೆ ಉಳಿದರೆ ಇಪ್ಪತ್ತು ವರ್ಷದ ನಂತರ ಬಾಲಣ್ಣನ ಸ್ಟುಡಿಯೋದ ಕಥೆಯೇ ಮರುಕಳಿಸಲು ಅಡ್ಡಿಯೇನಿಲ್ಲ.

ಮುಂದಿನವರಿಗೆ

ಎಲ್ಲ ಕಡೆಯೂ ಹೀಗೇ ಆಗಬೇಕೆಂದಿಲ್ಲ. ಕುವೆಂಪು 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು, ಸಂಸ್ಕಾರ ಕುಪ್ಪಳಿಯ ಕವಿಶೈಲದಲ್ಲಿ ಆಯಿತು. ಮೈಸೂರಿನವರು ನಮ್ಮೂರಲ್ಲಿ ಬಾಳಿದವರನ್ನು ಮಲೆನಾಡಿಗೆ ಒಯ್ದಿರಿ ಎಂದು ಮುನಿಸಿಕೊಳ್ಳಲಿಲ್ಲ. ಕವಿಶೈಲ ಅವರ ಮನೆತನದ ಊರಿನ ನೆಲ. ಅದನ್ನು ನೋಡಿಕೊಳ್ಳಲು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದೆ. ಎಸ್.ಎಲ್. ಭೈರಪ್ಪ 2025ರ ಸೆಪ್ಟೆಂಬರ್ 24ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅಂತ್ಯಸಂಸ್ಕಾರ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಚಿತಾಗಾರದಲ್ಲಿ ನಡೆಯಿತು. ಸಾರ್ವಜನಿಕ ಚಿತಾಗಾರವಾದ್ದರಿಂದ ಸಮಾಧಿಯ ಪ್ರಶ್ನೆಯೇ ಏಳಲಿಲ್ಲ. ಮೈಸೂರಿನಲ್ಲಿ ಅವರ ಸ್ಮಾರಕ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದಾರೆ. ಅದಕ್ಕೆ ಜಾಗ ಎಲ್ಲಿ ಎಂಬುದನ್ನು ನಿಧಾನವಾಗಿ, ಸರ್ವೆ ನಂಬರು ನೋಡಿ ತೀರ್ಮಾನಿಸಲು ಸಮಯವಿದೆ.

ಇದು ಗಣ್ಯರಿಗೆ ಮಾತ್ರ ಸೀಮಿತವಾದ ತೊಂದರೆಯೂ ಅಲ್ಲ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹಿರಿಯರನ್ನು ಸ್ವಂತ ಜಮೀನಿನ ಬದುವಿನಲ್ಲೋ ತೋಟದ ಮೂಲೆಯಲ್ಲೋ ಮಣ್ಣು ಮಾಡುವುದು ರೂಢಿ. ವರ್ಷಕ್ಕೊಮ್ಮೆ ಎಡೆ ಇಡುವ ಆ ಕಟ್ಟೆಯ ಸುತ್ತಲಿನ ಜಮೀನು ಲೇಔಟಿಗೆ ಮಾರಾಟವಾಗುವಾಗ ತಿಳಿದವರು ಸಮಾಧಿಯ ಜಾಗವನ್ನು ಅಳೆಸಿ, ಚಕ್ಕುಬಂದಿ ಹಾಕಿಸಿ, ಅಷ್ಟು ಬಿಟ್ಟು ಕ್ರಯಪತ್ರ ಬರೆಸುತ್ತಾರೆ. ಹೋಗಿ ಬರಲು ದಾರಿಯ ಹಕ್ಕನ್ನೂ ಸೇರಿಸುತ್ತಾರೆ. ಬಾಯಿಮಾತಿನಲ್ಲಿ ಒಪ್ಪಿಕೊಂಡವರು ಮುಂದಿನ ವರ್ಷ ಬರುವ ಹೊತ್ತಿಗೆ ಅಲ್ಲಿ ಸೈಟಿನ ಕಲ್ಲು ನೆಟ್ಟಿರುತ್ತದೆ, ಕೇಳಿದರೆ ಕೊಂಡವನು ಪತ್ರ ತೋರಿಸುತ್ತಾನೆ.